ಐದು ಹತ್ತರ ಬಸ್ಸೂ ಅರವತ್ತು ಅಂಕವೂ

ಜನವರಿಯ ಎರಡನೇ ಸೋಮವಾರ ನಮ್ಮ ಕಾಲೇಜಿಗೆ ಒಬ್ಬರು ಬಂದರು. ಮುಂದಿನ ಆರು ವಾರ ನಮಗೆ ಮಾತಾಡುವುದನ್ನೂ ಕೇಳಿಸಿಕೊಳ್ಳುವುದನ್ನೂ ಕಲಿಸುತ್ತೇನೆ ಎಂದರು. ಅಂದಿನಿಂದ ಫೆಬ್ರವರಿ ಮುಗಿಯುವುದರೊಳಗೆ ನನ್ನ ಗೆಳತಿ ಅವರಿಗೆ ಒಂದೇ ಮಾತನ್ನು ನಾಲ್ಕು ಸಲ ಹೇಳಿದಳು. ನಾಲ್ಕು ಸಲವೂ ಅವರು ಕೇಳಿಸಿಕೊಳ್ಳಲಿಲ್ಲ. ಪಿಯುಸಿಯಿಂದ ಡೈರಿ ಬರೆಯುತ್ತಿರುವವಳು ನಾನು. ಯಾವ ದಿನ ಏನಾಯಿತು, ಯಾರು ಏನೆಂದರು ಎಂದು ಗುರುತು ಹಾಕಿಡುವುದು ನನ್ನ ಅಭ್ಯಾಸ. ಹಾಗಾಗಿ ಈ ನಾಲ್ಕು ಎಂಬುದು ಸಿಟ್ಟಿನ ಭರದಲ್ಲಿ ಹೇಳಿದ ಲೆಕ್ಕವಲ್ಲ. ಸಿಟ್ಟು ಬೇರೆಯೇ ಇದೆ.

ಅವಳು ಹೇಳಿದ್ದು ಇಷ್ಟೇ: “ಸರ್, ನನ್ನ ಬಸ್ಸು ಐದು ಹತ್ತಕ್ಕೆ.”

ಅವಳದು ಕೆರಾಡಿ. ಕುಂದಾಪುರದಿಂದ ಹೆಮ್ಮಾಡಿ, ವಂಡ್ಸೆ ದಾಟಿ ಒಳಗೆ ಹೋಗಬೇಕು. ಊರು ಮುಗಿಯುವಲ್ಲಿ ಕಾಡು ಶುರು. ನನ್ನದು ಬಾರ್ಕೂರು. ನನಗೆ ಒಂದು ಬಸ್ಸು ತಪ್ಪಿದರೆ ಇನ್ನೊಂದಿದೆ. ಅವಳಿಗೆ ಐದು ಹತ್ತರದು ತಪ್ಪಿದರೆ ಮುಂದಿನ ಬಸ್ಸು ವಂಡ್ಸೆಯವರೆಗೆ ಮಾತ್ರ. ಅಲ್ಲಿಂದ ಆ ಹೊತ್ತಿಗೆ ಕೆರಾಡಿಗೆ ಬರುತ್ತೇನೆ ಎನ್ನುವ ರಿಕ್ಷಾದವನನ್ನು ಹುಡುಕಬೇಕು. ನಾವಿಬ್ಬರೂ ಕೊನೆಯ ವರ್ಷದ ಬಿಕಾಂ. ಕಾಲೇಜು ಹೆದ್ದಾರಿಯ ಮೇಲೆಯೇ ಇದೆ, ಕುಂದಾಪುರ ಬಿಟ್ಟು ಹೆಮ್ಮಾಡಿಯ ಕಡೆಗೆ. ತರಬೇತಿಯ ಹೊತ್ತು ನಾಲ್ಕರಿಂದ ಐದೂವರೆ.

ಆ ತರಬೇತಿಯಲ್ಲಿ ನೂರಕ್ಕೆ ಅರವತ್ತು ಅಂಕ ಬಂದವರಿಗೆ ಮಾತ್ರ ಮಾರ್ಚಿನಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಕೂರಲು ಅವಕಾಶ ಎಂದು ನೋಟಿಸು ಹಾಕಿದ್ದರು. ಬರುವ ಕಂಪನಿ ಫ್ರಿಜ್ಜು, ವಾಷಿಂಗ್ ಮಷಿನ್ ಮಾರುವಂಥದ್ದು. ಕುಂದಾಪುರದಲ್ಲೂ ಬೈಂದೂರಿನಲ್ಲೂ ಹೊಸ ಮಳಿಗೆ ತೆರೆಯುತ್ತಿತ್ತು. ಮನೆಯಿಂದಲೇ ಹೋಗಿಬರಬಹುದಾದ ಕೆಲಸ. ನನಗೆ ಅದು ಸಿಕ್ಕರೂ ಸರಿ, ಸಿಗದಿದ್ದರೂ ಸರಿ ಎಂಬಂತಿತ್ತು. ಅವಳಿಗೆ ಹಾಗಲ್ಲ. ಅವಳ ಚಿಕ್ಕಿ, ಅಂದರೆ ಚಿಕ್ಕಮ್ಮ, ಮುಂಬಯಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ, ಇಬ್ಬರು ಸಣ್ಣ ಮಕ್ಕಳು. ಪರೀಕ್ಷೆ ಮುಗಿಯುವುದರೊಳಗೆ ಹೋಗಿಬರುವ ದೂರದಲ್ಲಿ ಕೆಲಸ ಸಿಕ್ಕರೆ ಇಲ್ಲೇ ಇರಲಿ, ಇಲ್ಲದಿದ್ದರೆ ಚಿಕ್ಕಿಯ ಮನೆಗೆ ಹೋಗಲಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಚಿಕ್ಕಪ್ಪ ಮೇ ತಿಂಗಳ ರೈಲಿಗೆ ಟಿಕೆಟ್ಟನ್ನೂ ತೆಗೆದಿಟ್ಟಿದ್ದರು.

“ನಾನ್ ಬಿಕಾಂ ಮಾಡಿದ್ದ್ ಎಂತಕೆ ಹೆಣೆ, ಚಿಕ್ಕಿ ಮಕ್ಳಿಗೆ ಟಿಫಿನ್ ಡಬ್ಬಿ ಕಟ್ಟುಕಾ?” ಎಂದು ಕ್ಯಾಂಟೀನಿನಲ್ಲಿ ಕೇಳಿದಳು. ನಗುತ್ತಲೇ ಕೇಳಿದಳು. ಆದರೆ ಮುಂದಿದ್ದ ಬನ್ಸನ್ನು ತಿನ್ನಲಿಲ್ಲ.

ಮೊದಲ ದಿನ ತರಬೇತುದಾರರು ನೀಲಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪರದೆಯ ಚಿತ್ರ ಬದಲಾಯಿಸುವ ಗುಂಡಿ ಹಿಡಿದು ಬಂದರು. ಘಟ್ಟದ ಮೇಲಿನವರು. “ನಿಮ್ಮ ಊರನ್ನು ಈ ಬಾಗಿಲ ಹೊರಗೆ ಬಿಟ್ಟು ಬನ್ನಿ” ಎಂದರು. ಚಪ್ಪಲಿಯ ಬಗ್ಗೆ ಹೇಳುವ ಹಾಗೆ ಹೇಳಿದರು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ “ನಿಮ್ಮ ಬಗ್ಗೆ ಹೇಳಿ” ಎಂದರು. ನನ್ನ ಗೆಳತಿ ಎದ್ದು ಹೆಸರು ಹೇಳಿದಳು. ಕೆರಾಡಿ ಎಂದಳು. ಮನೆ ಎಲ್ಲಿ ಎಂದಳು. ತಂದೆ ಗದ್ದೆ ಮಾಡುತ್ತಾರೆ, ತಾಯಿಯ ಮನೆ ಬೆಳ್ಳಾಲ, ತಾನು ಎರಡನೆಯವಳು ಎನ್ನುವಷ್ಟರಲ್ಲಿ ಅವರು ಕೈ ಎತ್ತಿದರು.

“ನಾನು ನಿಮ್ಮ ಬಗ್ಗೆ ಕೇಳಿದೆ. ನಿಮ್ಮ ರೇಷನ್ ಕಾರ್ಡ್ ಕೇಳಲಿಲ್ಲ.”

ಕ್ಲಾಸು ನಕ್ಕಿತು. ನಗದಿದ್ದರೆ ಅದಕ್ಕೂ ಅಂಕ ಕಳೆಯುತ್ತಾರೋ ಎಂಬ ಭಯವೂ ಇದ್ದಿರಬಹುದು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಕೂಡ ಯಾವೂರು, ಯಾರ ಮನೆ ಎಂದು ಕೇಳಿ ತಿಳಿದ ಮೇಲೆಯೇ ಆರಾಮಾಗಿ ಒರಗುವುದು. ಹುಟ್ಟಿದಂದಿನಿಂದ ಜನ ತನ್ನನ್ನು ಏನು ಕೇಳಿದ್ದಾರೋ ಅದಕ್ಕೆ ಅವಳು ಉತ್ತರ ಕೊಟ್ಟಿದ್ದಳು. ಅದು ತಪ್ಪು ಉತ್ತರವಾದರೆ ಆಗಲಿ, ತಿದ್ದಬಹುದಿತ್ತು. ತಿದ್ದುವುದಕ್ಕೆ ರೇಷನ್ ಕಾರ್ಡು ಬೇಕಿರಲಿಲ್ಲ.

ಅದೇ ದಿನ ಪರದೆಯ ಮೇಲೆ ಒಂದು ದೊಡ್ಡ ಕಿವಿಯ ಚಿತ್ರ ಬಂತು. ಕೆಲಸ ಸಿಗುವುದು ಬಾಯಿಂದ, ಉಳಿಯುವುದು ಕಿವಿಯಿಂದ ಎಂದು ವಿವರಿಸಿದರು. ಚೆನ್ನಾಗಿಯೇ ಹೇಳಿದರು, ನಾನು ಬರೆದುಕೊಂಡೆ. ಆಗ ಐದಾಗಿತ್ತು. ನನ್ನ ಗೆಳತಿ ಎದ್ದು ನಿಂತಳು. “ಸರ್, ನನ್ನ ಬಸ್ಸು ಐದು ಹತ್ತಕ್ಕೆ.” ಇದು ಮೊದಲನೆಯ ಸಲ.

“ಪ್ರೊಫೆಷನಲ್ ಆದವರು ಸಮಸ್ಯೆ ತರಲ್ಲ, ಪರಿಹಾರ ತರ್ತಾರೆ” ಎಂದರು. ಕಿವಿಯ ಚಿತ್ರ ಅವರ ಬೆನ್ನ ಹಿಂದೆ ಇನ್ನೂ ಇತ್ತು.

ಮರುದಿನ ಅವಳು ಪರಿಹಾರ ತರಲು ಹೋದಳು. ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಜೊತೆಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಆ ಬಸ್ಸಿನ ಕಂಡಕ್ಟರು ಟಿಕೆಟ್ ಮಷಿನ್ನಿಗೆ ಹೊಸ ಪೇಪರ್ ಸುರುಳಿ ಹಾಕುತ್ತ ನಿಂತಿದ್ದರು. ಅವಳನ್ನು ಹೈಸ್ಕೂಲಿನಿಂದ ಬಲ್ಲವರು.

“ಅಣ್ಣ, ಸಂಜಿ ಒಂದಿಪ್ಪತ್ ನಿಮಿಷ ಬಸ್ಸ್ ನಿಲ್ಸುಕ್ ಆತ್ತಾ?”

“ಹ್ವಾಯ್! ಇದೆಂತ ನಿಮ್ಮನಿ ಕಾರಾ? ಹಿಂದೆ ಕೊಲ್ಲೂರ್ ಬಸ್ಸಿನವ ಟೈಮಿಂಗ್ ಹಿಡ್ಕಂಡ್ ನಿಂತಿರ್ತ. ಎರಡ್ ನಿಮಿಷ ತಡ ಆರೆ ನನ್ನ ಅಪ್ಪನ್ನೂ ಅಜ್ಜನ್ನೂ ತೆಗಿತ.”

“ಹಂಗಾರೆ ನಾನ್ ಎಂತ ಮಾಡುದ್?”

“ಎಂತ ಕಲಿತ್ರ್ಯೇ ನೀವ್ ಆ ಹೊತ್ತಲ್ಲಿ?”

“ಮಾತಾಡುದ್.”

ಕಂಡಕ್ಟರು ಮಷಿನ್ನಿನಿಂದ ತಲೆ ಎತ್ತಿ ತಮ್ಮ ಕಿವಿ ಮುಟ್ಟಿ ತೋರಿಸಿದರು. “ನಿಂಗಾ? ಆರ್ ವರ್ಷದಿಂದ ನನ್ನ ಕೆಮಿ ತಿಂದವ್ಳಿಗೆ ಮಾತ್ ಕಲ್ಸುದ್ ಯಾರ್ ಮಾರಾಯ್ತಿ?” ಎಂದು ನಕ್ಕು, ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು: “ಕಾಣ್. ಸ್ಟ್ಯಾಂಡಿಂದ ಐದ್ ಹತ್ತಕ್ಕೇ ಹೊರಡ್ತೆ. ನಿಮ್ ಗೇಟಿಗೆ ಬಪ್ಪತಿಗೆ ಕಾಲ್ ಆತ್ತ್. ನೀ ಸ್ಟ್ಯಾಂಡಿಗೆ ಬಪ್ಪುದ್ ಬ್ಯಾಡ. ಗೇಟಲ್ಲಿ ಉದ್ದ ಹಾರ್ನ್ ಹಾಕ್ಸ್ತೆ. ಎಂತ ಮಾಡ್ತಿದ್ರೂ ಬಿಟ್ಟ್ ಓಡಿ ಬಾ. ಇಲ್ದಿರೆ ಹೋತೆ.”

ಹೀಗೆ ಐದಕ್ಕೆ ಹೊರಡಬೇಕಾದವಳು ಐದೂಕಾಲರವರೆಗೆ ಕೂರುವಂತಾಯಿತು. ತಪ್ಪುವುದು ಕಡೆಯ ಕಾಲು ಗಂಟೆ ಮಾತ್ರ. ಅದನ್ನು ತರಬೇತುದಾರರಿಗೆ ಹೇಳಲು ಹೋದಳು. ಎರಡನೆಯ ಸಲ. ಅವರು ಫೋನು ನೋಡುತ್ತ “ಸರಿ, ನೋಡೋಣ” ಎಂದರು.

ಆ ಸಂಜೆಯಿಂದ ದಿನವೂ ಐದೂಕಾಲಿಗೆ ಹೆದ್ದಾರಿಯಿಂದ ಉದ್ದದೊಂದು ಹಾರ್ನ್ ಕೇಳುತ್ತಿತ್ತು. ಪುಸ್ತಕ ಮೊದಲೇ ಚೀಲದಲ್ಲಿರುತ್ತಿತ್ತು. ಅವಳು ಬಾಗಿಲಲ್ಲಿ ತಿರುಗಿ ತಲೆ ಬಾಗಿಸಿ ಓಡುತ್ತಿದ್ದಳು. ಮೂರನೆಯ ದಿನ ತರಬೇತುದಾರರಿಗೆ ತಡೆಯಲಾಗಲಿಲ್ಲ. “ಇದೇನು ಕ್ಲಾಸ್ ರೂಮಾ, ಬಸ್ ಸ್ಟ್ಯಾಂಡಾ?” ಎಂದರು. ಹಿಂದಿನ ಬೆಂಚಿನಿಂದ ಯಾರೋ “ಸರ್, ಅದೇ ಅವ್ಳ್ ತಂದ ಪರಿಹಾರ” ಎಂದರು. ಆಗಲೂ ಕ್ಲಾಸು ನಕ್ಕಿತು. ಈ ಸಲ ನಗಲು ಯಾರೂ ಹೆದರಿರಲಿಲ್ಲ. ಅವರು ಮಾತ್ರ ತಮ್ಮ ಹಾಳೆಯಲ್ಲಿ ಏನನ್ನೋ ಬರೆದುಕೊಂಡರು. ಮರುದಿನ ಅವಳು ಮತ್ತೊಮ್ಮೆ ಅವರ ಮೇಜಿನ ಹತ್ತಿರ ಹೋಗಿ ಬಸ್ಸಿನ ವಿಷಯ ಎತ್ತಿದಳು. ಮೂರನೆಯ ಸಲ. “ನೆಪ ಹೇಳೋರು ಯಾವಾಗಲೂ ನೆಪಾನೇ ಹೇಳ್ತಾರೆ” ಎಂಬುದು ಉತ್ತರ.

ನಾಲ್ಕನೆಯ ವಾರ ಗುಂಪು ಚರ್ಚೆ. ಎಂಟು ಜನರನ್ನು ವೃತ್ತದಲ್ಲಿ ಕೂರಿಸಿದರು, ನಮ್ಮಲ್ಲಿ ಕೆಲವರನ್ನು ವೀಕ್ಷಕರು ಎಂದು ಹೊರಗೆ ಕೂರಿಸಿದರು. ನಾನು ವೀಕ್ಷಕಿ. ಮಾತಾಡಿದವರ ಹೆಸರಿನ ಮುಂದೆ ಗೆರೆ ಎಳೆಯಬೇಕು. ಯಾರೂ ಹೇಳದಿದ್ದರೂ ಒಬ್ಬರ ಮಾತನ್ನು ಇನ್ನೊಬ್ಬರು ತುಂಡು ಮಾಡಿದಾಗ ಅಡ್ಡಗೆರೆಯನ್ನೂ ಹಾಕುತ್ತ ಹೋದೆ. ವಿಷಯ: ವಿದ್ಯಾರ್ಥಿಗಳು ಓದುವಾಗಲೇ ದುಡಿಯಬೇಕೇ? ಭಾಷೆ ಯಾವುದಾದರೂ ಆದೀತು, ಇಂಗ್ಲಿಷಾದರೆ ಒಳ್ಳೆಯದು ಎಂದಿದ್ದರು.

ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿದ್ದ ಹುಡುಗ ಆರಂಭಿಸಿದ. ನಿಲ್ಲಿಸಲಿಲ್ಲ. ಸಮಯ ಪಾಲನೆ, ಸ್ವಾವಲಂಬನೆ, ಯುವಶಕ್ತಿ ಎಲ್ಲ ಬಂತು. ನಡುವೆ ಬಾಯಿ ತೆರೆದವರಿಗೆಲ್ಲ ಅಂಗೈ ತೋರಿಸಿದ. ಅವನ ಎದುರಿಗೆ ಬೈಂದೂರು ಕಡೆಯ ಹುಡುಗನೊಬ್ಬ ಕೂತಿದ್ದ. ಮೂರು ವರ್ಷದಲ್ಲಿ ಅವನ ಧ್ವನಿಯನ್ನು ನಾವು ಹಾಜರಿ ಕೂಗುವಾಗ ಮಾತ್ರ ಕೇಳಿದ್ದೆವು. ಭಾನುವಾರಗಳಲ್ಲಿ ಮದುವೆ ಮನೆಗಳಿಗೆ ಬಡಿಸಲು ಹೋಗುತ್ತಾನೆಂದು ಎಲ್ಲರಿಗೂ ಗೊತ್ತು. ಆ ವೃತ್ತದಲ್ಲಿ ಓದುತ್ತ ದುಡಿಯುವವನು ಅವನೊಬ್ಬನೇ. ಅದನ್ನು ಬಿಟ್ಟು ಉಳಿದದ್ದೆಲ್ಲ ಚರ್ಚೆಯಾಗುತ್ತಿತ್ತು.

ನನ್ನ ಗೆಳತಿ ತನ್ನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸಿದಳು. ಆಮೇಲೆ ಅವನ ಕಡೆ ತಿರುಗಿದಳು. “ಬಡ್ಸುಕೆ ಹೋತ್ಯಲ್ದಾ ನೀನ್? ಹೇಳ್ ಮಾರಾಯ, ಹ್ಯಾಂಗಾತ್ತ್ ಅಂದ್.” ಕಾರ್ಯದರ್ಶಿ ಮತ್ತೆ ಬಾಯಿ ಹಾಕಿದ. ಅವಳು ಅವನಿಗೆ “ನಿಂದ್ ಆಯ್ತಲೆ, ಒಂಚೂರ್ ತಡಿ” ಎಂದಳು. ಬೈಂದೂರಿನ ಹುಡುಗ ಕೆಂಪಾದ. ಆಮೇಲೆ, ಮದುವೆಯ ದಿನ ಸಂಜೆ ಮನೆಗೆ ಹೋದರೆ ಕೈಕಾಲು ನೋಯುತ್ತದೆ, ಆದರೆ ಸೋಮವಾರದ ಕ್ಲಾಸಿಗೆ ಒಂದು ಸಲವೂ ತಪ್ಪಿಸಿಲ್ಲ, ಪರೀಕ್ಷೆ ಇದ್ದ ವಾರ ಬರುವುದಿಲ್ಲ ಎಂದು ಅಡುಗೆಯವರಿಗೆ ಮೊದಲೇ ಹೇಳಿಬಿಡುತ್ತೇನೆ ಎಂದ. ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಯಿತು. ಮುಗಿಸಿದಾಗ ತಾನೇ ನಕ್ಕುಬಿಟ್ಟ.

ಅವಳು ಮಾಡಿದ್ದರಲ್ಲಿ ನನಗೆ ವಿಶೇಷ ಕಾಣಲಿಲ್ಲ. ಅವಳ ಊರಿನಲ್ಲಿ ಭತ್ತದ ನಟ್ಟಿಗೆ ಇಳಿದಾಗ ನೋಡಿದ್ದೇನೆ. ಮನೆಮನೆಯವರು ಸರದಿಯಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ನೆಟ್ಟುಕೊಡುತ್ತಾರೆ. ತನ್ನ ಪಾಲಿನ ಸಾಲು ಮುಗಿಸಿದವಳು ಗದ್ದೆಯಂಚಿನ ಕಂಟ ಹತ್ತಿ ಸೊಂಟ ನೀವಿಕೊಳ್ಳುತ್ತ ಕೂರುವುದಿಲ್ಲ. ಹಿಂದೆ ಬಿದ್ದವಳ ಸಾಲಿಗೆ ಎದುರು ತುದಿಯಿಂದ ಇಳಿದು ನೆಡುತ್ತ ಬರುತ್ತಾಳೆ. ಇಬ್ಬರೂ ನಡುವೆ ಸಿಕ್ಕಿದ ಮೇಲೆಯೇ ಎಲ್ಲರೂ ಒಟ್ಟಿಗೆ ಮೇಲೆ ಹತ್ತುವುದು. ಅದಕ್ಕೆ ಅಲ್ಲಿ ಹೆಸರೇನೂ ಇಲ್ಲ. ತರಬೇತುದಾರರ ಪರದೆಯಲ್ಲಿ ಅದಕ್ಕೊಂದು ಹೆಸರಿತ್ತು, ತಂಡ ಮನೋಭಾವ. ಕೈ ಮೇಲೆ ಕೈ ಇಟ್ಟ ಚಿತ್ರವೂ ಇತ್ತು. ಅದನ್ನು ಕಣ್ಣೆದುರೇ ಕಂಡಾಗ ಅವರು ಅವಳಿಗೆ ಹೇಳಿದ್ದು ಇದು:

“ನೀವು ನಿಮ್ಮ ಅವಕಾಶವನ್ನು ಬೇರೆಯವರಿಗೆ ಕೊಟ್ಟಿರಿ. ನಾಯಕತ್ವ ಸೊನ್ನೆ. ಇಲ್ಲಿ ಸ್ಪರ್ಧೆ ಇದೆ ಅನ್ನೋದೇ ನಿಮಗೆ ಗೊತ್ತಾಗಲಿಲ್ಲ.”

ಕಾರ್ಯದರ್ಶಿಗೆ ಚಪ್ಪಾಳೆ ಹೊಡೆಸಿದರು. ಬೈಂದೂರಿನವನಿಗೆ “ಅನುಭವದಿಂದ ಮಾತಾಡಿದಿರಿ, ಒಳ್ಳೆಯದು” ಎಂದರು. ಐದೂಕಾಲಾಯಿತು. ಹಾರ್ನ್ ಕೇಳಿತು. ಅವಳು ಓಡಿದಳು.

ಫೆಬ್ರವರಿಯ ಕೊನೆಯಲ್ಲಿ ಅಂಕಗಳನ್ನು ಫಲಕಕ್ಕೆ ಹಚ್ಚಿದರು. ಕಾರ್ಯದರ್ಶಿಗೆ ಎಂಬತ್ತೆಂಟು. ನನಗೆ ಎಪ್ಪತ್ತೆರಡು. ಬೈಂದೂರಿನ ಹುಡುಗನಿಗೆ ಅರವತ್ತೊಂದು. ಆ ದಿನ ಬಾಯಿ ಬಿಡದಿದ್ದರೆ ಅವನು ಕೆಳಗೇ ಉಳಿಯುತ್ತಿದ್ದ. ಬಾಯಿ ಬಿಡಿಸಿದವಳಿಗೆ ಐವತ್ತನಾಲ್ಕು. ನಾಯಕತ್ವಕ್ಕೆ ಹತ್ತರಲ್ಲಿ ಸೊನ್ನೆ, ಬದ್ಧತೆಗೆ ಹತ್ತರಲ್ಲಿ ಸೊನ್ನೆ. ಬದ್ಧತೆ! ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು, ಆರು ವಾರದಲ್ಲಿ ಒಂದು ದಿನವೂ ತಪ್ಪಿಸದೆ ಬಂದವಳಿಗೆ ಬದ್ಧತೆ ಸೊನ್ನೆ. ರಸ್ತೆಯಾಚೆಯ ಮನೆಯಿಂದ ವಾರಕ್ಕೆರಡು ದಿನ ಬಾರದೆ ಉಳಿದವರಿಗೆ ಏಳು, ಎಂಟು. ಅವರು ಬಂದ ದಿನ ಕೊನೆಯವರೆಗೆ ಕೂತಿದ್ದರಲ್ಲ, ಅದಕ್ಕೆ.

ಅವಳು, ಬೈಂದೂರಿನ ಹುಡುಗ, ನಾನು ಮೂವರೂ ಸ್ಟಾಫ್ ರೂಮಿಗೆ ಹೋದೆವು. ನಾನು ವೀಕ್ಷಕಿಯಾಗಿ ಬರೆದ ಹಾಳೆ ಒಯ್ದಿದ್ದೆ. ಯಾರು ಯಾರ ಮಾತನ್ನು ಎಷ್ಟು ಸಲ ತುಂಡು ಮಾಡಿದರು ಎಂಬುದು ಅದರಲ್ಲಿತ್ತು. ಹೆಚ್ಚಿನ ಅಡ್ಡಗೆರೆಗಳು ಎಂಬತ್ತೆಂಟು ಅಂಕದವನ ಎದುರಿಗಿದ್ದವು. ಅವಳ ಎದುರಿಗೆ ಒಂದೂ ಇರಲಿಲ್ಲ. ತರಬೇತುದಾರರು ಹಾಳೆಯನ್ನು ತೆಗೆದುಕೊಂಡು ಎಚ್ಚರಿಕೆಯಿಂದ ನೋಡಿದರು. ಕೇಳಿಸಿಕೊಂಡರು ಎಂದೇ ನನಗೆ ಅನ್ನಿಸಿತು.

“ವೆರಿ ಗುಡ್. ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿಲ್ಲ” ಎಂದು ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡು, ನನ್ನ ಅಂಕವನ್ನು ಎಪ್ಪತ್ತೈದು ಮಾಡಿದರು.

“ಸರ್, ನಾನು ಬಂದದ್ದು ನನ್ನ ಅಂಕಕ್ಕಲ್ಲ. ಬೇಕಾದರೆ ನನ್ನದರಲ್ಲಿ ಕಳೆದು ಅವಳಿಗೆ ಹಾಕಿ.”

“ಅಂಕ ಅಂದ್ರೆ ಅಕ್ಕಿ ಬೇಳೆ ಅಲ್ಲಮ್ಮ, ಕಡ ಕೊಡೋದಕ್ಕೆ.”

ಬೈಂದೂರಿನ ಹುಡುಗ ಅಷ್ಟರಲ್ಲಿ ಹೇಳಿದ: “ಸರ್, ಅವ್ಳ್ ಕೇಂಡದ್ದಕ್ಕೆ ನಾನ್ ಮಾತಾಡಿದ್ದ್.” ಯಾರೂ ಕೇಳದೆ ಅವನಾಗಿಯೇ ಬಾಯಿ ತೆರೆದದ್ದು ಅದೇ ಮೊದಲು. ತರಬೇತುದಾರರು ಅವನ ಭುಜ ತಟ್ಟಿದರು. “ನಿಮ್ಮ ಸಾಧನೆಯನ್ನು ನಿಮ್ಮದು ಅಂತ ಹೇಳಿಕೊಳ್ಳೋದು ಕಲೀರಿ.”

ಆಗ ನನ್ನ ಗೆಳತಿ ಮಾತಾಡಿದಳು. ಊರನ್ನು ಬಾಗಿಲ ಹೊರಗೆ ಬಿಡಲಿಲ್ಲ.

“ಸರ್, ಮೊದ್ಲ್ ದಿನ ನೀವ್ ಕೆಮಿ ಚಿತ್ರ ತೋರ್ಸಿದ್ರಿ. ನನ್ ಬಸ್ಸ್ ಐದ್ ಹತ್ತಕ್ಕೆ ಅಂದ್ ಮೂರ್ ಸಲ ಹೇಳಿದ್ದೆ. ಇದ್ ನಾಲ್ಕನೇದ್. ದಿನಾ ಓಡಿ ಹೋಪುದ್ ನಿಮ್ಗೆ ಕಂಡಿತ್. ಎಲ್ಲಿಗ್ ಓಡ್ತೆ, ಆ ಬಸ್ಸ್ ತಪ್ರೆ ನಾನ್ ಮನಿ ಹ್ಯಾಂಗ್ ಸೇರುದ್ ಅಂದ್ ಒಂದ್ ದಿನ ಕೇಂಡ್ರ್ಯಾ? ಕೇಣದೇ ಸೊನ್ನೆ ಹಾಕ್ರೆ ಅದ್ ಯಾರ ಮಾರ್ಕ್ ಸರ್, ನಂದಾ ನಿಮ್ದಾ?”

ಪಕ್ಕದ ಮೇಜಿನವರು ಪೆನ್ನು ಕೆಳಗಿಟ್ಟರು. ತರಬೇತುದಾರರ ಮುಖ ಅರಳಿತು. ನಿಜವಾಗಿಯೂ ಅರಳಿತು.

“ನೋಡಿ! ಈ ಕಾನ್ಫಿಡೆನ್ಸ್! ಇದನ್ನೇ ನಾನು ಆರು ವಾರದಿಂದ ಹುಡುಕ್ತಿದ್ದದ್ದು. ಆವತ್ತೇ ತೋರಿಸಿದ್ದರೆ ಅಂಕ ಬರ್ತಿತ್ತಲ್ಲ?”

ಅಂಕ ಬದಲಾಗಲಿಲ್ಲ. ಅವರ ತರಬೇತಿಯಿಂದ ಅವಳಿಗೆ ಬಾಯಿ ಬಂತು ಎಂದು ಅವರು ಸಂತೋಷಪಟ್ಟುಕೊಂಡು ಚಹಾ ಕುಡಿಯಲು ಹೋದರು. ಅವರು ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಾರ್ಚಿನಲ್ಲಿ ಸಂದರ್ಶನವಾಯಿತು. ಕಂಪನಿಯಿಂದ ಬಂದ ಮೇಡಂ ನನ್ನನ್ನು ಕೇಳಬೇಕಾದ್ದನ್ನೆಲ್ಲ ಕೇಳಿ, ಕೊನೆಗೆ ಪಟ್ಟಿಯನ್ನು ತಿರುವಿ ಹಾಕುತ್ತ, “ನಿಮ್ಮ ತರಗತಿ ದೊಡ್ಡದು ಅಂದಿದ್ದರು. ಅರ್ಧಕ್ಕರ್ಧ ಜನ ಬರಲೇ ಇಲ್ಲವಲ್ಲ. ಇಲ್ಲಿನವರಿಗೆ ಈ ಕೆಲಸದಲ್ಲಿ ಆಸಕ್ತಿ ಇಲ್ಲವಾ?” ಎಂದರು.

“ಆಸಕ್ತಿ ಇದೆ ಮೇಡಂ. ಅರವತ್ತು ಅಂಕ ಇಲ್ಲದವರನ್ನು ಬಿಡಲಿಲ್ಲ.”

“ಯಾವ ಅರವತ್ತು? ನಾವು ಹಾಗೇನೂ ಕೇಳಿಲ್ಲವಲ್ಲ.”

ಡೈರಿಯಲ್ಲಿ ಆ ದಿನದ ಪುಟಕ್ಕೆ ಇದೊಂದೇ ಸಾಲು ಬರೆದಿದ್ದೇನೆ: ನಾವು ಹಾಗೇನೂ ಕೇಳಿಲ್ಲವಲ್ಲ. ಶನಿವಾರ ಹತ್ತು ಗಂಟೆಗೆ ಬೈಂದೂರಿನ ಮಳಿಗೆಯಲ್ಲೇ ನೇರ ಸಂದರ್ಶನವಿದೆ, ಯಾರು ಬೇಕಾದರೂ ಬರಬಹುದು ಎಂದು ಆ ಮೇಡಂ ಹೇಳಿದರು.

ಹೊರಗೆ ಬಂದವಳು ನೇರವಾಗಿ ಉದ್ಯೋಗ ಮಾಹಿತಿ ವಿಭಾಗ ನೋಡಿಕೊಳ್ಳುವ ನಮ್ಮ ಉಪನ್ಯಾಸಕರ ಬಳಿ ಹೋದೆ. ಅವರು ಸುತ್ತಿ ಬಳಸಿ ಹೇಳಲಿಲ್ಲ. ಸಂದರ್ಶನಕ್ಕೆ ಕೂತವರಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು ಶೇಕಡಾ ಹಾಕುತ್ತಾರಂತೆ. ಸಿಗಲಾರದು ಅನಿಸಿದವರೂ ಕೂತರೆ ಆ ಶೇಕಡಾ ಇಳಿಯುತ್ತದೆ. ಅದಕ್ಕಾಗಿ ಬಾಗಿಲಲ್ಲೇ ಒಂದು ಜರಡಿ. ಹಿಟ್ಟು ಜರಡಿ ಹಿಡಿದ ಹಾಗೆ ಮಾತಾಡಿದರು. “ಕಾಲೇಜಿನ ಹೆಸರೂ ನೋಡಬೇಕಲ್ಲಮ್ಮ” ಎಂದರು. ಕಾಲೇಜಿಗೆ ಹೆಸರು ಬರಲೆಂದು ಒಬ್ಬಳು ಮುಂಬಯಿಯಲ್ಲಿ ಡಬ್ಬಿ ಕಟ್ಟಬೇಕು.

ಅವಳ ಮನೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಅವಳು ಆ ವಾರ ಕಾಲೇಜಿಗೂ ಬಂದಿರಲಿಲ್ಲ. ಐದೂಕಾಲಿಗೆ ನಾನು ಗೇಟಿನ ಹೊರಗೆ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿದೆ. ಕಂಡಕ್ಟರು ಮೆಟ್ಟಿಲಿನಿಂದಲೇ ಬಗ್ಗಿದರು.

“ಎಂತಾ? ಅವ್ಳ್ ಈ ವಾರ ಇಲ್ಲ್ಯಾ?”

“ಅವಳಿಗೆ ಒಂದು ಸುದ್ದಿ ಮುಟ್ಟಿಸಬೇಕಿತ್ತು” ಎಂದು ವಿಷಯವನ್ನೆಲ್ಲ ಹೇಳಿದೆ.

“ಶನಿವಾರ, ಬೈಂದೂರ್, ಹತ್ತ್ ಗಂಟಿ. ಮಾರ್ಕ್ಸ್ ಕಾರ್ಡ್ ತಕಂಡ್ ಬರ್ಕ್. ಅರವತ್ತ್ ಬ್ಯಾಡ ಅಂಬ್ರ್. ಅಷ್ಟೇ ಅಲ್ದಾ?” ಎಂದು ಒಪ್ಪಿಸಿ, “ರೈಟ್!” ಎಂದು ಬಾಗಿಲಿಗೆ ಬಡಿದರು.

ಶನಿವಾರ ಹೆಮ್ಮಾಡಿಯಲ್ಲಿ ಅವಳು ನನಗಿಂತ ಮೊದಲೇ ನಿಂತಿದ್ದಳು. ಬೈಂದೂರಿನ ಮಳಿಗೆಯಲ್ಲಿ ಇನ್ನೂ ಪೇಂಟಿನ ವಾಸನೆ. ಅಲ್ಲಿನ ಮ್ಯಾನೇಜರು ಶಿರೂರು ಕಡೆಯ ಹೆಂಗಸು, ಐವತ್ತು ದಾಟಿದವರು. ಕೋಣೆ ಸಿದ್ಧವಾಗಿರಲಿಲ್ಲ, ಫ್ರಿಜ್ಜುಗಳ ಸಾಲಿನ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದರು. ಸ್ವಲ್ಪ ದೂರದಲ್ಲಿ ನಿಂತ ನನಗೆ ಎಲ್ಲ ಕೇಳುತ್ತಿತ್ತು. “ನಿಮ್ಮ ಬಗ್ಗೆ ಹೇಳಿ” ಎಂದರು. ಅವಳು ಕಲಿಸಿದಂತೆಯೇ ಶುರು ಮಾಡಿದಳು. ತಾನು ಶ್ರಮಜೀವಿ, ತಾನು ಆಶಾವಾದಿ, ಹೊಸದನ್ನು ಕಲಿಯಲು ತನಗೆ ಉತ್ಸಾಹ.

“ಅದೆಲ್ಲ ಬಯೋಡಾಟದಲ್ಲಿ ಇತ್ತ್ ಮಗಾ. ಎಲ್ಲಿ ಆಯ್ತ್ ನಿಮ್ದ್? ಮನಿ ಯಾವ್ದ್?”

ಅವಳು ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಕೆರಾಡಿ ಎಂದಳು. ಉಳಿದದ್ದನ್ನೂ ಹೇಳಿದಳು, ತಾಯಿಯ ಮನೆ ಸಹಿತ.

“ಕೆರಾಡಿಯಿಂದ ಇಲ್ಲಿಗ್ ಬಪ್ಪುದ್ ಹ್ಯಾಂಗೆ?”

ಆ ಪ್ರಶ್ನೆಯನ್ನು ಆರು ವಾರ ಯಾರಾದರೂ ಕೇಳಲಿ ಎಂದು ನಾನು ಕಾದಿದ್ದೆ. ಅವಳು ವಿವರಿಸಿದಳು: ಮೊದಲ ಬಸ್ಸಿಗೆ ಹೊರಟರೆ ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ ಎಂಟೂಕಾಲಿಗೆ ಇಲ್ಲಿರಬಹುದು. ಸಂಜೆ ಕೆರಾಡಿ ಬಸ್ಸು ಹೆಮ್ಮಾಡಿಗೆ ಬರುವ ಹೊತ್ತಿಗೆ ತಾನು ಅಲ್ಲಿರಬೇಕು, ಅಂದರೆ ಇಲ್ಲಿಂದ ಉಳಿದವರಿಗಿಂತ ಮುಕ್ಕಾಲು ಗಂಟೆ ಮೊದಲು ಹೊರಡಬೇಕು. ಅದು ಆಗುವುದಿಲ್ಲ ಎಂದಾದರೆ ಈಗಲೇ ಹೇಳಿಬಿಡಿ ಎಂದಳು.

“ಬೇಗ ಬಂದ್ ಬೇಗ ಹೋಯ್ನಿ, ಅದ್ರಾಗೆಂತ? ಬೆಳಿಗ್ಗೆ ಬಾಗ್ಲ್ ತೆಗೆವತಿಗೇ ರಿಪೇರಿ ಫೋನ್ ಶುರು ಆತ್ತ್. ಆ ಹೊತ್ತಿಗ್ ಬಪ್ಪವ್ರೇ ಯಾರೂ ಸಿಕ್ಕುದಿಲ್ಲ ನಂಗೆ.”

ಅಷ್ಟೇ. ಕೆಲಸ ಸಿಕ್ಕಿತು. ಎದುರಿನ ಅಂಗಡಿಯಲ್ಲಿ ಲಿಂಬು ಸೋಡ ಕುಡಿದೆವು. “ಚಿಕ್ಕಪ್ಪಂಗ್ ಟಿಕೆಟ್ ಕ್ಯಾನ್ಸಲ್ ಮಾಡುಕ್ ಹೇಳ್ಕ್” ಎಂದು ನಾಲ್ಕಾರು ಸಲ ಅಂದಳು. ನನಗೂ ಸಂತೋಷವಾಯಿತು. ಆದರೆ ಸಿಟ್ಟು ಇಳಿಯಲಿಲ್ಲ, ಏರಿತು. ಒಂದು ಪ್ರಶ್ನೆ, ಒಂದು ಉತ್ತರ. ಇಷ್ಟಕ್ಕೆ ಬೇಕಾದದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಒಬ್ಬರು ಮನುಷ್ಯರು. ಇದನ್ನು ಮಾಡಲಾಗದವರು ನಮಗೆ ಸಂವಹನ ಕಲಿಸಿ ಪ್ರಮಾಣಪತ್ರ ಕೊಟ್ಟರು. ನನ್ನದರಲ್ಲಿ ‘ಅತ್ಯುತ್ತಮ’ ಎಂದಿದೆ.

ಜೂನಿನಲ್ಲಿ ಅಡ್ಮಿಶನ್ನಿನ ಸಮಯಕ್ಕೆ ಕಾಲೇಜಿನ ಗೇಟಿಗೆ ಫ್ಲೆಕ್ಸ್ ಬಂತು. ‘ಶೇಕಡಾ ನೂರು ಉದ್ಯೋಗ.’ ಕೆಲಸ ಸಿಕ್ಕವರ ಫೋಟೊಗಳಲ್ಲಿ ನಾನಿದ್ದೆ, ಬೈಂದೂರಿನ ಹುಡುಗನಿದ್ದ, ಎರಡನೆಯ ಸಾಲಿನಲ್ಲಿ ಅವಳೂ ಇದ್ದಳು. ಬಲಬದಿಗೆ ನಮಗಿಂತ ದೊಡ್ಡದಾಗಿ ತರಬೇತುದಾರರು, ಕೈಕಟ್ಟಿ ನಿಂತದ್ದು. ಅವಳು ತನ್ನ ರಜೆಯ ದಿನ ಬಂದು ಆಫೀಸಿಗೆ ಹೋಗಿ ನಿಂತಳು.

“ಫ್ಲೆಕ್ಸಿಂದ ನನ್ನ ಫೋಟೊ ತೆಗಿನಿ ಸರ್. ತೆಗುಕ್ ಆತಿಲ್ಲೆ ಅಂದ್ರೆ, ಇವಳನ್ನ ನಾವ್ ಕೂರ್ಸಿರಲಿಲ್ಲ ಅಂದ್ ಕೆಳಗೆ ಬರಿನಿ.”

“ಹೆಮ್ಮೆ ಪಡೋದು ಬಿಟ್ಟು ಇದೇನಮ್ಮ” ಎಂದರು ಉಪನ್ಯಾಸಕರು. ಮುಂದಿನ ಸಲ ಮುದ್ರಿಸುವಾಗ ನೋಡೋಣ ಎಂದರು. ಫ್ಲೆಕ್ಸ್ ಇವತ್ತಿಗೂ ಅಲ್ಲೇ ಇದೆ. ಮಳೆಗೆ ಒಂದು ಮೂಲೆ ಹರಿದಿದೆ, ಆ ಮೂಲೆಯಲ್ಲಿ ಯಾರ ಮುಖವೂ ಇಲ್ಲ.

ಜುಲೈ ಮೊದಲ ಶುಕ್ರವಾರ ನಾನು ನಟ್ಟಿಗೆಂದು ಕೆರಾಡಿಗೆ ಹೊರಟೆ. ಕುಂದಾಪುರದ ಮಳಿಗೆಯಲ್ಲಿ ನನಗೆ ಎರಡು ದಿನ ರಜೆ ಸಿಕ್ಕಿತ್ತು. ಐದು ಹತ್ತಕ್ಕೆ ಬಸ್ಸು ಹೊರಟು ಕಾಲೇಜಿನ ಗೇಟಿಗೆ ಬಂದಾಗ ಡ್ರೈವರು ಉದ್ದ ಹಾರ್ನ್ ಹಾಕಿದರು. ಹಳೆಯ ರೂಢಿ ಎಂದುಕೊಂಡೆ. ಅಷ್ಟರಲ್ಲಿ ಒಬ್ಬಳು ಹುಡುಗಿ ಕೊಡೆ ಬಿಚ್ಚಲೂ ಪುರುಸೊತ್ತಿಲ್ಲದೆ ಓಡಿಬಂದು ಹತ್ತಿದಳು.

“ಹಾರ್ನಿಗೆ ಹೊಸ ಗಿರಾಕಿ” ಎಂದರು ಕಂಡಕ್ಟರು ನನಗೆ. “ಈ ವರ್ಷ ಜುಲಾಯಿಂದ್ಲೇ ಮಾತ್ ಕಲ್ಸ್ತ್ರ್ ಅಂಬ್ರ್.”

ಹೆಮ್ಮಾಡಿಯಲ್ಲಿ ನನ್ನ ಗೆಳತಿ ಹತ್ತಿದಳು, ಕೊರಳಲ್ಲಿ ಮಳಿಗೆಯ ಗುರುತಿನ ಚೀಟಿ. ನನ್ನ ಪಕ್ಕ ಜಾಗ ಹಿಡಿದಿಟ್ಟಿದ್ದೆ. ಅವಳು ಅಲ್ಲಿ ಕೂರಲಿಲ್ಲ. ಒದ್ದೆ ತಲೆ ಒರೆಸಿಕೊಳ್ಳುತ್ತಿದ್ದ ಹುಡುಗಿಯ ಪಕ್ಕ ಹೋಗಿ ಕೂತಳು.

“ಕಾಲೇಜಿಂದ್ ಬಂದ್ಯಾ? ಎಲ್ಲಿ ಆಯ್ತ್ ನಿಂದ್?”

“ವಂಡ್ಸಿಂದ ಒಳಗೆ ಅಕ್ಕ. ಕ್ಲಾಸಿಂದ ಬೇಗ ಎದ್ದ್ ಬತ್ತೆ ಅಂದ್ ಇವತ್ತೇ ಮೈನಸ್ ಹಾಕಿರ್. ಅರವತ್ತ್ ಇಲ್ದಿರೆ ಇಂಟರ್‌ವ್ಯೂಗೆ ಬಿಡುದಿಲ್ಲ ಅಂಬ್ರ್.”

“ಅರವತ್ತ್ ಕೇಂಬುದ್ ಕಂಪನಿಯವ್ರಲ್ಲ. ಅವ್ರ್ ಬಂದ ದಿನ ಸೀದಾ ಒಳಗ್ ಹೋಯ್ ಕೂಕೋ.”

“ಯಾರಾರೂ ಎಬ್ಸ್ರೆ?”

ನನ್ನ ಗೆಳತಿ ತನ್ನ ಕೊರಳಿನ ಚೀಟಿಯನ್ನು ತೆಗೆದು, ಅದರ ಹಿಂದಿದ್ದ ಫೋನ್ ನಂಬರನ್ನು ಹುಡುಗಿಗೆ ತೋರಿಸಿದಳು.

“ಬರ್ಕೋ. ಹಿಂದಿನ ದಿನ ಒಂದ್ ಫೋನ್ ಮಾಡ್. ರಜೆ ಹಾಕಿ ಬತ್ತೆ ನಾನ್. ಒಟ್ಟಿಗೇ ಕೂಕಂಬ.”